ಮಿಷನ್ನಿಗೆ ತಿನ್ನಿಸಿದ ವಿಭೂತಿ

ನನ್ನ ಗಂಡನ ಚಿಕ್ಕಪ್ಪ, ಅಂದರೆ ನಮ್ಮ ಚಿಕ್ಕಮಾವ, ಎದುರಿಗೆ ಬಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆತ ಸತ್ತು ಎಷ್ಟೋ ವರ್ಷವಾಯಿತು. ಉರಿ ಇನ್ನೂ ಪೂರ್ತಿ ಆರಿಲ್ಲ. ಅರಕಲಗೂಡಿನಿಂದ ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದಾಗ ಮನೆಯ ಯಜಮಾನಿಕೆ ಆತನದೇ. ಹಿತ್ತಿಲ ಗೋಡೆಯಾಚೆಗೆ ಆತನ ರೈಸ್ ಮಿಲ್ಲು. ನನ್ನ ಗಂಡ ಅಲ್ಲಿ ಆತನ ಕೈಕೆಳಗೆ ದುಡಿಯುತ್ತಿದ್ದರು, ಎದುರು ಬಾಯಿ ಬಿಟ್ಟವರಲ್ಲ. ಮನೆಯಲ್ಲಿ ಅತ್ತೆಗೆ ಉಬ್ಬಸ.

ಅರವತ್ತರ ದಶಕದ ಮೊದಲಿಗೆ, ಬೇಯಿಸಿದ ಭತ್ತ ಒಣಗಿಸಲೆಂದು ಹೊಟ್ಟು ಉರಿಸುವ ಫರ್ನೇಸು ಬಂತು. ಹಾಸನದ ಫಿಟ್ಟರು ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತ ಎಲ್ಲ ಬಿಡಿಸಿ ಹೇಳಿದ. ಬ್ಲೋವರು ಅಂದರೆ ಗಾಳಿ ಎಳೆದು ಬೆಂಕಿಗೆ ಊದುವ ಫ್ಯಾನು. ಡ್ಯಾಂಪರು ಆ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ತಗಡಿನ ಬಾಗಿಲು. ಫಿಲ್ಟರು ಗಾಳಿ ಒಳಹೋಗುವ ಬಾಯಿಗೆ ಕೂರಿಸಿದ ಜಾಲರಿ ಪೆಟ್ಟಿಗೆ. ಅದರೊಳಗೆ ಎಣ್ಣೆ ಸವರಿದ ತೆಂಗಿನ ನಾರು. ಮಿಲ್ಲಿನ ಧೂಳೆಲ್ಲ ಆ ನಾರಿಗೆ ಅಂಟಿಕೊಳ್ಳಬೇಕು.

“ವಾರಕ್ಕೊಂದ್ಸಲ ನಾರು ತೆಗ್ದು ತೊಳೀಬೇಕು ಸಾ. ಫಿಲ್ಟ್ರು ಕಟ್ಕಂಡ್ರೆ ಡ್ರಾಫ್ಟು, ಅಂದ್ರೆ ಗಾಳಿ ಎಳ್ತ, ಓಯ್ತದೆ. ಗಾಳಿ ಸಿಕ್ದೆ ಬೆಂಕಿ ಬರೀ ಒಗೆ ಕಾರ್ತದೆ” ಎಂದ.

ಚಿಕ್ಕಮಾವ ಆ ಹೆಸರುಗಳನ್ನಷ್ಟೇ ಬಾಯಿಪಾಠ ಮಾಡಿಕೊಂಡ. ಚನ್ನರಾಯಪಟ್ಟಣದ ಬೀಗರ ಮುಂದೆ ಡ್ರಾಫ್ಟು, ಡ್ಯಾಂಪರು ಎಂದು ಮೀಸೆ ತಿರುವಿದ್ದೇ ತಿರುವಿದ್ದು. ಅವರಲ್ಲಿ ಒಬ್ಬರಾದರೂ ಹಾಗೆಂದರೇನು ಎಂದು ಕೇಳಿದ್ದರೆ ಬಂಡವಾಳ ಬಯಲಾಗುತ್ತಿತ್ತು.

ಮೊದಲ ಸೋಮವಾರ ಆತ ಮಿಷನ್ನಿಗೆ ಪೂಜೆ ಮಾಡಿದ. ವಿಭೂತಿ ಬಳಿಯಲು ಜಾಲರಿಯ ಬಳಿ ಕೈ ಒಯ್ದದ್ದೇ ತಡ, ಬ್ಲೋವರು ಅಂಗೈಯ ಪುಡಿಯನ್ನೆಲ್ಲ ಸುಯ್ಯೆಂದು ಎಳೆದುಕೊಂಡಿತು.

“ನೋಡ್ರಲಾ, ಸ್ವಾಮಿ ಇಬೂತಿ ಇಸ್ಕಂಡ್ಬುಟ್ಟ!” ಎಂದು ಕೂಗಿದ.

ಅಂದಿನಿಂದ ದಿನಾ ಬೆಳಿಗ್ಗೆ ಒಂದು ಹಿಡಿ. ಬೀದಿಯ ಜನವೂ ಬಂದು ತಮ್ಮದೊಂದು ಚಿಟಿಕೆ ಕೊಟ್ಟು ಕೈಮುಗಿದರು. ಎಣ್ಣೆಯ ನಾರಿಗೆ ಬೂದಿ ಮೆತ್ತಿ ಒಣರೊಟ್ಟಿಯ ಹಾಗೆ ಗಟ್ಟಿಯಾಯಿತು. ತೊಳೆಯಲು ಹೋದ ಆಳಿಗೆ, “ಸ್ವಾಮಿ ಪರ್ಸಾದವ ಚರಂಡಿಗೆ ಸುರೀತೀಯೇನ್ಲಾ?” ಎಂದು ಹೊಡೆಯಲು ಹೋದ.

ಫಿಟ್ಟರು ಹೇಳಿದ ಹಾಗೆಯೇ ಆಯಿತು. ಕರಿ ಹೊಗೆ ಗೋಡೆ ದಾಟಿ ನಮ್ಮ ನಡುಮನೆಗೆ ಇಳಿಯಿತು. ಅತ್ತೆ ಕಂಬಕ್ಕೆ ಒರಗಿ ಕೂತು, ನೀರು ಕೇಳಲೂ ಮಾತನ್ನು ತುಂಡು ತುಂಡು ಮಾಡಿ ಆಡುತ್ತಿದ್ದರು. ಅವರು ಉಸಿರು ಕಟ್ಟಿ ಸತ್ತೇ ಹೋಗುತ್ತಾರೆಂದು ನನಗೆ ಭಯ ಹಿಡಿಯಿತು.

“ಮಾವ, ಆ ಫಿಲ್ಟರು ತೊಳೆಸಿ” ಎಂದು ಕೇಳಿಯೇಬಿಟ್ಟೆ.

“ಮಿಷನ್ ಇಚಾರ ಎಂಗಸ್ರಿಗೇನು ಗೊತ್ತು? ಓಗಿ ಒಲೆ ನೋಡ್ಕೊ” ಎಂದ.

ಹುಟ್ಟಿದಾಗಿನಿಂದ ಒಲೆ ಊದಿದವಳಿಗೆ ಗಾಳಿ ಸಿಗದ ಬೆಂಕಿ ಯಾವುದೆಂದು ಗೊತ್ತಿಲ್ಲವೆ? ಆತ ನೇರ ಅತ್ತೆಯ ಬಳಿ ಹೋಗಿ ಅವರ ಹಣೆಗೂ ಅದೇ ವಿಭೂತಿ ಬಳಿದ. “ಇದ್ರಲ್ಲೇ ವಾಸಿಯಾಯ್ತದೆ ಕಣತ್ತಿಗೆ” ಅಂದ. ಆ ಕೈಯನ್ನು ಕಚ್ಚಿಬಿಡಬೇಕು ಅನ್ನಿಸಿತು ನನಗೆ.

ಮರುದಿನ ಆತ ಹಳೇಕೋಟೆಗೆ ಭತ್ತ ನೋಡಲು ಹೋದದ್ದೇ ತಡ, ನಾನು ಸೆರಗು ಸಿಕ್ಕಿಸಿಕೊಂಡು ಮಿಲ್ಲಿಗೆ ನುಗ್ಗಿದೆ. ಮೋಟಾರು ನಿಲ್ಲಿಸಿ ಎಂದು ಗಂಡನಿಗೆ ಹೇಳಿದೆ. ನಿಲ್ಲಿಸಿದರು, ಆದರೆ ಮುಖ ಆಚೆ ತಿರುಗಿಸಿಕೊಂಡು ನಿಂತರು. ಗಟ್ಟಿಯಾದ ನಾರನ್ನು ಕಿತ್ತು ಚರಂಡಿಗೆ ಎಸೆದು, ಬಚ್ಚಲ ಒಲೆಗೆ ಇಟ್ಟಿದ್ದ ನಾರನ್ನು ಬಿಡಿಸಿ ಎಣ್ಣೆ ಸವರಿ ತುಂಬಿದೆ. ಮೋಟಾರು ಮತ್ತೆ ಹಾಕಿಸಿದ್ದೇ ಬೆಂಕಿ ಭೋರೆಂದು ಹತ್ತಿಕೊಂಡಿತು. ಸಂಜೆಯ ಹೊತ್ತಿಗೆ ನಡುಮನೆಯಲ್ಲಿ ಹೊಗೆಯಿರಲಿಲ್ಲ.

ಚಿಕ್ಕಮಾವ ಬಂದವನೇ ಅಂಗಳದಲ್ಲಿ ನಿಂತು ನನ್ನ ತೌರಿನವರನ್ನೂ ಸೇರಿಸಿ ಬೈದ. ನಾನೂ ಸೆಟೆದು ನಿಂತೆ. ಆಗ ಒಳಗಿನಿಂದ ಅತ್ತೆ ಕರೆದರು. ಕಂಬ ಬಿಟ್ಟು ನೆಟ್ಟಗೆ ಕೂತಿದ್ದರು.

“ಓಗಿ ಅವನ ಕಾಲಿಡ್ಕಂಡು ತಪ್ಪಾಯ್ತು ಅನ್ನು. ಸ್ವಾಮಿ ಪರ್ಸಾದವ ಚರಂಡಿಗಾಕೋಕೆ ನಿಂಗೆಷ್ಟೆ ಧೈರ್ಯ? ಈ ಮನೇಗೆ ಬಂದ ಸೊಸೇರು ಯಾರೂ ಇಂಗೆ ಮೆರೆದೋರಲ್ಲ ಕಣೆ!”

ಅಷ್ಟನ್ನೂ ಅವರು ಎಲ್ಲೂ ನಿಲ್ಲದೆ, ಒಂದು ಸಲವೂ ಕೆಮ್ಮದೆ ಬೈದು ಮುಗಿಸಿದರು. ನನಗೆ ಕೋಪವೂ ಬಂತು, ಅಳುವೂ ಬಂತು. ಕಾಲು ಹಿಡಿಯಲು ಮಾತ್ರ ನಾನು ಹೋಗಲಿಲ್ಲ.