ಬೊಂಗ್‌ಚಿಯ ಅಕ್ಟೋಬರ್ ಮೂವತ್ತೊಂದು

ಬೊಂಗ್‌ಚಿ ಎಂಬ ಹೆಸರಿಗೆ "ಹೋಗಲಿ ಬಿಡು, ಸಾಕೋಣ" ಎಂದರ್ಥ. ಅಪ್ಪನನ್ನು ಹಿಡಿದುಕೊಂಡು ಹೋದ ತಿಂಗಳಲ್ಲೇ ಹುಟ್ಟಿದ ಮಗು, ಅದೂ ಹೆಣ್ಣು. ಅಜ್ಜಿಗೆ ಬೇರೆ ಹೆಸರು ತೋಚಲಿಲ್ಲ. ಅಪ್ಪ ಊರ ಶಾಲೆಯ ಮೇಷ್ಟ್ರು. ಓದಬಾರದ ಪುಸ್ತಕ ಓದಿದನೆಂದು ಸೈನಿಕರು ಕರೆದೊಯ್ದು ಗುಂಡಿಟ್ಟರು. ಆಗ ತೈವಾನ್ ಆಳುತ್ತಿದ್ದ ಅಧ್ಯಕ್ಷರು ಹುಟ್ಟಿದ್ದು ಅಕ್ಟೋಬರ್ ಮೂವತ್ತೊಂದರಂದು. ಅವರು ಸತ್ತು ಎಷ್ಟೋ ವರ್ಷಗಳಾದರೂ ಆ ದಿನಕ್ಕೆ ರಜೆಯ ಗೌರವ ಉಳಿದಿತ್ತು. ಕಚೇರಿ, ಶಾಲೆಗಳಿಗೆ ಅದನ್ನು ಯಾವಾಗಲೋ ತೆಗೆದುಹಾಕಿದ್ದರು. ಕಾರ್ಖಾನೆಯವರಿಗೆ ಮಾತ್ರ ಇತ್ತು. ಸರ್ಕಾರ ಮರೆತದ್ದೋ, ಕರುಣೆಯೋ, ಯಾರಿಗೂ ಗೊತ್ತಿಲ್ಲ.

ಬೊಂಗ್‌ಚಿ ಗಾಂಗ್‌ಶಾನ್‌ನ ಸ್ಕ್ರೂ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವವಳು. ಎಷ್ಟು ತೊಳೆದರೂ ಕೈಯಿಂದ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಕಾರ್ಖಾನೆ ಮುಗಿದರೆ ಮನೆ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಭಾನುವಾರ ಅತ್ತೆಗೆ ಸ್ನಾನ, ಗಂಡನ ಅಕ್ಕಂದಿರಿಗೆ ಊಟ. ಆಯಾಸವೆಂಬುದು ಅವಳಿಗೆ ಬಂದು ಹೋಗುವ ನೆಂಟನಾಗಿರಲಿಲ್ಲ, ಮನೆಯವನೇ ಆಗಿಬಿಟ್ಟಿತ್ತು.

ಏಪ್ರಿಲ್‌ನ ಸಮಾಧಿ ಗುಡಿಸುವ ಹಬ್ಬದಲ್ಲಿ ಅವಳು ಗಂಡನ ಮನೆಯ ಹಿರಿಯರ ಸಮಾಧಿಗೆ ಹೋಗಬೇಕು. ಮದುವೆಯಾದ ಹೆಣ್ಣು ತವರಿನ ಸಮಾಧಿ ಗುಡಿಸಬಾರದು. ಗುಡಿಸಿದರೆ ಅಣ್ಣತಮ್ಮಂದಿರ ಅದೃಷ್ಟವನ್ನೆಲ್ಲ ಗಂಡನ ಮನೆಗೆ ಹೊತ್ತುಕೊಂಡು ಹೋಗುತ್ತಾಳಂತೆ. ಅವಳ ಅಣ್ಣ ಬುನ್‌ಲಿಯಾಂಗನಿಗೆ ಹೊತ್ತು ಒಯ್ಯುವಷ್ಟು ಅದೃಷ್ಟ ಎಲ್ಲಿತ್ತೋ ದೇವರೇ ಬಲ್ಲ. ಆದರೆ ಅತ್ತಿಗೆ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು.

ಆದ್ದರಿಂದ ಬೊಂಗ್‌ಚಿ ಒಂದು ಕಳ್ಳತನ ಕಲಿತಿದ್ದಳು. ಗಂಡ ನೀರಾವರಿ ಕಚೇರಿಯ ಕಾವಲುಗಾರ, ಅವನಿಗೆ ಅಕ್ಟೋಬರ್ ಮೂವತ್ತೊಂದು ಕೆಲಸದ ದಿನ. ಹೆಂಡತಿಗೂ ಹಾಗೇ ಎಂದು ಅವನು ತಿಳಿದಿದ್ದ, ಅವಳು ತಿದ್ದಲಿಲ್ಲ. ಅಂದು ಎಂದಿನಂತೆ ಊಟದ ಡಬ್ಬಿ ಹಿಡಿದು, ಸ್ಕೂಟರ್ ಹತ್ತಿ, ಕಾರ್ಖಾನೆಯ ದಾರಿ ಬಿಟ್ಟು ಅಪ್ಪನ ಸಮಾಧಿಯಿದ್ದ ಗುಡ್ಡಕ್ಕೆ ಹೋಗುತ್ತಿದ್ದಳು. ಕುಡುಗೋಲಿನಿಂದ ಹುಲ್ಲು ಸವರುತ್ತಿದ್ದಳು, ಊದುಕಡ್ಡಿ ಹಚ್ಚುತ್ತಿದ್ದಳು. ಆಮೇಲೆ ಸಮಾಧಿಯ ಮುಂದಿನ ಸಿಮೆಂಟು ಕಟ್ಟೆಯ ಮೇಲೆ ಟೋಪಿಯಿಂದ ಮುಖ ಮುಚ್ಚಿಕೊಂಡು ಮಲಗಿಬಿಡುತ್ತಿದ್ದಳು. ಮುಖವನ್ನೇ ಕಾಣದ ಅಪ್ಪನ ಹತ್ತಿರ ಮಾತಾಡುವುದಕ್ಕೆ ಏನಿದೆ? ತವರಿಗೆ ಬಂದ ಮಗಳನ್ನು ಯಾರೂ ಎಬ್ಬಿಸುವುದಿಲ್ಲ. ಸಂಜೆಯವರೆಗೆ ಗಾಢ ನಿದ್ದೆ. ವರ್ಷದಲ್ಲಿ ಅವಳ ಪಾಲಿಗೆ ಇದ್ದದ್ದು ಆ ಒಂದೇ ನಿದ್ದೆ, ಅದೂ ಅಪ್ಪನನ್ನು ಕೊಲ್ಲಿಸಿದವರ ಹುಟ್ಟುಹಬ್ಬದ ದಯೆಯಿಂದ. ನೆನೆದರೆ ಹೊಟ್ಟೆ ಉರಿಯುತ್ತದೆ. ಅವಳಿಗೆ ಉರಿಯುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಒಂದು ಡಿಸೆಂಬರ್‌ನಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಬುನ್‌ಲಿಯಾಂಗ್ ಅನಾನಸ್ ಕೇಕಿನ ಡಬ್ಬಿ ಹಿಡಿದು ಕಾರ್ಖಾನೆಯ ಗೇಟಿಗೆ ಬಂದ. ನಿವೃತ್ತ ಮೇಷ್ಟ್ರು, ಆ ರಜೆ ತೆಗೆಸಬೇಕೆಂದು ಸಭೆ, ಮೆರವಣಿಗೆ ಮಾಡುತ್ತಲೇ ಕೂದಲು ನರೆಸಿಕೊಂಡಿದ್ದ.

"ತಗೋ, ಬಾಯಿ ಸಿಹಿ ಮಾಡ್ಕೋ! ತೆಗೆದುಬಿಟ್ರು ಕಣೇ! ಇನ್ನು ಆ ಬೋಳುತಲೆ ಅಧ್ಯಕ್ಷನ ಹುಟ್ಟುಹಬ್ಬಕ್ಕೆ ಈ ದೇಶದಲ್ಲಿ ಒಬ್ರಿಗೂ ರಜೆ ಇಲ್ಲ. ಅಪ್ಪನ ಆತ್ಮಕ್ಕೆ ಇವತ್ತು ಶಾಂತಿ."

"ಗೊತ್ತು. ಬೆಳಿಗ್ಗೆ ಮಾಲೀಕರು ಹೇಳಿದ್ರು. ಅದರ ಜೊತೆ ಇನ್ನೂ ಆರು ರಜೆ ಹೋಯ್ತು. ನಿನಗಿಂತ ಅವರೇ ಜಾಸ್ತಿ ಖುಷಿಯಾಗಿದ್ರು."

"ಏನೇ ಹಂಗಂತೀಯ? ನಿನಗೆ ಸಂತೋಷ ಇಲ್ವಾ?"

ಬೊಂಗ್‌ಚಿ ಕೇಕಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡಳು. "ಆ ರಜೆ ದಿನ ನಾನು ಅಪ್ಪನ ಹತ್ರ ಹೋಗ್ತಿದ್ದೆ ಅಣ್ಣ. ಪ್ರತಿ ವರ್ಷ. ಅತ್ತಿಗೆಗೆ ಹೇಳ್ಬೇಡ."

ಬುನ್‌ಲಿಯಾಂಗ್ ಬಿಟ್ಟ ಕಣ್ಣು ಬಿಟ್ಟಂತೆ ನಿಂತ. "ಅಪ್ಪನ ಸಮಾಧಿ ಮೇಲೆ ಹುಲ್ಲೂ ಹುಟ್ಟಲ್ಲ ಅಂತ ನಾನು ಎಲ್ಲಾ ಭಾಷಣದಲ್ಲೂ ಹೇಳ್ಕೊಂಡು ಬಂದಿದೀನಲ್ಲೇ..."

"ಹುಟ್ಟುತ್ತೆ ಅಣ್ಣ. ಸೊಂಟದುದ್ದ ಹುಟ್ಟುತ್ತೆ. ಅಕ್ಟೋಬರ್‌ನಲ್ಲಿ ಸವರಿದ್ರೆ ಆಮೇಲೆ ಮಳೆ ಇರಲ್ಲ, ನೀನು ಬರೋ ಏಪ್ರಿಲ್‌ವರೆಗೂ ತಲೆ ಎತ್ತಲ್ಲ."

ಅವನು ಗೇಟಿನ ಕಂಬಿ ಹಿಡಿದುಕೊಂಡ. "ಒಂದು ದಿನ ರಜೆ ಹಾಕಿ ಹೋಗಿ ಬಾ, ಯಾವತ್ತಾದ್ರೂ."

"ಮೇಸ್ತ್ರಿ ಯಾರು ಹೇಳು? ನಮ್ಮ ಯಜಮಾನರ ಚಿಕ್ಕಪ್ಪನ ಮಗ. ನಾನು ಬೆಳಿಗ್ಗೆ ರಜೆ ಕೇಳಿದ್ರೆ ಸಾಯಂಕಾಲಕ್ಕೆ ಮನೇಲೆಲ್ಲಾ ಗೊತ್ತು. ಆಮೇಲೆ ಅವತ್ತೇ ಅತ್ತೇನ ಆಸ್ಪತ್ರೆಗೆ ತೋರಿಸ್ಕೊಂಡು ಬಾ ಅಂತಾರೆ."

"ಹಂಗಾದ್ರೆ ಹೋರಾಟ ಮಾಡೋಣ. ಅಪ್ಪನಂಥವರ ಹೆಸರಲ್ಲೇ ಒಂದು ರಜೆ ತರ್ಸೋಣ, ಇಡೀ ದೇಶಕ್ಕೆ!"

"ಇಡೀ ದೇಶಕ್ಕೆ ಬೇಡಪ್ಪ," ಎಂದಳು ಬೊಂಗ್‌ಚಿ. "ಇಡೀ ದೇಶಕ್ಕೆ ಕೊಟ್ರೆ ನಮ್ಮ ಯಜಮಾನರೂ ಮನೇಲಿರ್ತಾರೆ, ಅವರ ಅಕ್ಕಂದಿರೂ ಬರ್ತಾರೆ, ನಾನು ಅಡುಗೆ ಮಾಡ್ತಾ ಕೂತಿರ್ತೀನಿ. ಯಾರ ಹೆಸರಲ್ಲಾದ್ರೂ ತರ್ಸು, ಆ ಬೋಳುತಲೆ ಹೆಸರಲ್ಲೇ ಆದ್ರೂ ಪರವಾಗಿಲ್ಲ. ಮನೇಲಿ ಯಾರಿಗೂ ಗೊತ್ತಾಗದ ರಜೆ ಆಗ್ಬೇಕು ಅಷ್ಟೆ."

ಒಳಗೆ ಗಂಟೆ ಹೊಡೆಯಿತು. ಅವಳು ಡಬ್ಬಿಯ ಮುಚ್ಚಳ ಹಾಕಿ ಅಣ್ಣನ ಕೈಗೇ ವಾಪಸು ಕೊಟ್ಟಳು. ಮನೆಗೆ ಒಯ್ದರೆ ಯಾರು ತಂದರು, ಯಾಕೆ ತಂದರು ಎಂದು ಹೇಳಬೇಕಾಗುತ್ತದೆ.

"ಅಕ್ಟೋಬರ್‌ಗೆ ನಾನು ಹೋಗ್ತೀನಿ. ಹುಲ್ಲು ನಾನೇ ಸವರ್ತೀನಿ," ಎಂದ ಬುನ್‌ಲಿಯಾಂಗ್.

"ಹೋಗು," ಎಂದಳು ಅವಳು, ಕೈಗವಸು ಹಾಕಿಕೊಳ್ಳುತ್ತ. "ಬೊಂಗ್‌ಚಿ ಎಲ್ಲಿ ಅಂತ ಅಪ್ಪ ಕೇಳಿದ್ರೆ, ಕೆಲಸಕ್ಕೆ ಹೋಗಿದಾಳೆ ಅಂತ ಹೇಳು."