ಗೌಂಡಿಗಾಗಿ ಕಾದ ಕಾಡವ್ವ

ಪೀರನವಾಡಿಯ ಕಾಡವ್ವ ಇಪ್ಪತ್ನಾಲ್ಕು ವರ್ಷ ಇಟ್ಟಂಗಿ ಹೊತ್ತವಳು. ಗುಂಜಿಯಿಂದ ಮದುವೆಯಾಗಿ ಬಂದ ಮರುವರ್ಷವೇ ತಲೆಗೆ ಸಿಂಬಿ ಏರಿತು, ಇನ್ನೂ ಇಳಿದಿಲ್ಲ. ಬೆಳಗಾವಿಯ ಎಷ್ಟು ಮನೆಗಳು ಅವಳ ತಲೆಯ ಮೇಲಿಂದ ಹಾದುಹೋಗಿವೆಯೋ ದೇವರೇ ಬಲ್ಲ. ಆದರೆ ಒಂದೇ ಒಂದು ಇಟ್ಟಂಗಿಯನ್ನೂ ಅವಳು ಗೋಡೆಯಲ್ಲಿ ಕೂರಿಸಿರಲಿಲ್ಲ. ನಮ್ಮ ಕಡೆ ಹೊರುವುದು, ಸಿಮೆಂಟು ಕಲಸುವುದು, ಕಟ್ಟಿದ ಗೋಡೆಗೆ ನೀರು ಹೊಡೆಯುವುದು ಹೆಂಗಸರ ಪಾಲು. ಕರಣಿ ಹಿಡಿದು ಕಟ್ಟುವ ಗೌಂಡಿ ಕೆಲಸ ಗಂಡಸರ ಪಾಲು. ಹಾಗೇಕೆ ಎಂದು ಯಾರೂ ಕೇಳಿದ್ದಿಲ್ಲ, ಕಾಡವ್ವನೂ ಕೇಳಿರಲಿಲ್ಲ.

ಊರವರ ಮನೆಗಳೆಲ್ಲ ಎದ್ದು ನಿಂತವು, ಅವಳ ಹಿತ್ತಲಿನ ಬಚ್ಚಲುಮನೆ ಮಾತ್ರ ಏಳಲಿಲ್ಲ. ಖಾನಾಪುರದ ಭಟ್ಟಿಯಿಂದ ತರಿಸಿದ ಇಟ್ಟಂಗಿ ದೀಪಾವಳಿಯಿಂದ ಹಾಗೇ ಬಿದ್ದಿತ್ತು. ಮಗಳು ಸಪ್ನಾ, ನೌಕರಿಗೆ ಹೋಗುವ ಇಪ್ಪತ್ಮೂರರ ಹುಡುಗಿ, ತಾಡಪತ್ರಿಯ ಮರೆಯಲ್ಲಿ ಸ್ನಾನ ಮಾಡುತ್ತಿದ್ದಳು. ಗಾಳಿ ಬೀಸಿದರೆ ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ತಾಡಪತ್ರಿ. ಅವಳು ಎಷ್ಟೋ ಸಲ ಇಟ್ಟಂಗಿ ಹೊತ್ತುಕೊಟ್ಟ ಗೌಂಡಿ ಗಜಾನನ "ಈ ವಾರ ಬಂದ ಬಿಡ್ತೀನಿ" ಎನ್ನುತ್ತ ಎನ್ನುತ್ತ ಮೇ ತಿಂಗಳು ತಂದಿಟ್ಟಿದ್ದ. ಗಂಡ ಶಿವಲಿಂಗನೋ, ಮೊಳೆ ಹೊಡೆಯಲು ಹೋಗಿ ಬೆರಳು ಜಜ್ಜಿಕೊಳ್ಳುವ ಆಸಾಮಿ. ಇನ್ನು ಹದಿನೈದು ದಿನಕ್ಕೆ ಮಳೆ ಹಿಡಿದರೆ ಈ ವರ್ಷದ ಕಥೆ ಮುಗಿದಂತೆಯೇ.

ಸಪ್ನಾಳ ಆಫೀಸು ಕೋಟೆಯ ಹತ್ತಿರದ ಒಂದು ಮಹಡಿಯ ಮೇಲಿತ್ತು. ಅಲ್ಲಿ ಪಾರ್ಶ್ವ ಎಂಬ ತರುಣ ಒಂದು ಕಂಪ್ಯೂಟರ್ ಗೇಮ್ ಮಾಡುತ್ತಿದ್ದ. ಒಂದು ಬಯಲು, ಒಂದಿಷ್ಟು ಇಟ್ಟಂಗಿ, ಮರ, ನೀರು ಕೊಟ್ಟು ಕೈಬಿಡುವ ಆಟ. ಆಡುವವರು ಮನಸ್ಸಿಗೆ ಬಂದದ್ದನ್ನು ಕಟ್ಟಿಕೊಳ್ಳಬೇಕು. ಸೋಲು ಗೆಲುವು ಏನಿಲ್ಲ. ಕೆಲಸ ಇನ್ನೂ ಅರ್ಧಕ್ಕೇ ಇತ್ತು. ಮೊದಲ ಸಲ ನೋಡಿದವರಿಗೆ ಏನನ್ನಿಸುತ್ತದೆಂದು ತಿಳಿಯಲು ಅವನು ಹೊಸಬರನ್ನು ಹುಡುಕುತ್ತಿದ್ದ. ಅಮಾವಾಸ್ಯೆಯ ದಿನ ಗೌಂಡಿಗಳು ಕರಣಿ ಮುಟ್ಟುವುದಿಲ್ಲ, ಕಾಡವ್ವನಿಗೂ ರಜೆ. ಸಪ್ನಾ ತಾಯಿಯನ್ನೇ ಕರೆದುಕೊಂಡು ಹೋದಳು.

"ಕುಂದರ್ರಿ ಕಾಕೂ," ಎಂದ ಪಾರ್ಶ್ವ. "ನಾ ಏನೂ ಹೇಳಿಕೊಡೂದಿಲ್ಲ. ನಿಮಗ ತಿಳದಂಗ ಆಡ್ರಿ."

ಮೌಸ್ ಹಿಡಿಯುವುದನ್ನಷ್ಟೇ ಸಪ್ನಾ ತೋರಿಸಿದಳು. ಕಾಡವ್ವ ಒಂದು ಇಟ್ಟಂಗಿ ಎತ್ತಿದಳು, ಬಿಟ್ಟಳು. ಅದು ಗಾಳಿಯಲ್ಲೇ ನಿಂತಿತು. ಅವಳು ಮುಂದಕ್ಕೆ ಬಾಗಿ ಅದರ ಕೆಳಗೇನಿದೆಯೆಂದು ನೋಡಿದಳು.

"ಇದು ಬೀಳೂದಿಲ್ಲೇನ್ರಿ?"

"ಇನ್ನೂ ಭಾರ ಕೊಟ್ಟಿಲ್ಲ ಕಾಕೂ. ಆ ಕೆಲಸ ಬಾಕಿ ಐತಿ."

"ಖರೇ ಇಟ್ಟಂಗಿಗೂ ಹಂಗ ಬಾಕಿ ಇಟ್ಟಿದ್ರ ನನ್ನ ಕುತ್ತಿಗಿ ಉಳೀತಿತ್ತ ನೋಡ್ರಿ."

ಆಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ. ಸಿಮೆಂಟ್ ಎಲ್ಲಿ? ಗೋಡೆಗೆ ನೀರು ಹೊಡೆಯುವುದು ಯಾವಾಗ? ಬಾಗಿಲಿನ ಚೌಕಟ್ಟು ಯಾಕಿಲ್ಲ? ಸೂರ್ಯ ಆಗಿನಿಂದ ಅಲ್ಲೇ ನಿಂತಿದ್ದಾನಲ್ಲ, ಊಟದ ಹೊತ್ತು ಗೊತ್ತಾಗುವುದು ಹೇಗೆ? ಪಾರ್ಶ್ವ ಒಂದೊಂದನ್ನೂ ಖುಷಿಯಿಂದ ಬರೆದುಕೊಂಡ.

ಆಮೇಲೆ ಅವಳು ಕೆಲಸಕ್ಕೆ ಬಿದ್ದಳು. ಬಯಲಿನ ಮೂಲೆಯಲ್ಲಿದ್ದ ಇಟ್ಟಂಗಿಗಳನ್ನು ಒಂದೊಂದಾಗಿ ತಂದು ನಡುವೆ ಒಟ್ಟತೊಡಗಿದಳು. ಹತ್ತರ ಸಾಲು, ಅದರ ಮೇಲೆ ಅಡ್ಡ ಹತ್ತು. ಅರ್ಧ ಗಂಟೆ ಹೀಗೇ ಸಾಗಿತು. ರಾಶಿ ಬಲು ಅಚ್ಚುಕಟ್ಟಾಗಿ ಎದ್ದಿತು. ಅದಾದ ಮೇಲೆ ಮೌಸ್ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಳು. ಆಟ ಕೆಟ್ಟು ನಿಂತಿತೆಂದು ಪಾರ್ಶ್ವ ಗಾಬರಿಯಾಗಿ ಎದ್ದು ಬಂದ.

"ಯಾಕ ಕಾಕೂ, ನಿಂತತೇನು?"

"ಇಲ್ರಿ. ಮಾಲ ಎಲ್ಲಾ ಹಾಕೀನಿ. ಗೌಂಡಿ ಯಾವಾಗ ಬರ್ತಾನ?"

ಪಾರ್ಶ್ವನಿಗೆ ನಗು ಬಂತು. ಸಪ್ನಾಳಿಗೆ ಬರಲಿಲ್ಲ. ಅವಳು ತಾಯಿಯ ಕುರ್ಚಿಯ ಹಿಂದೆ ಬಂದು ನಿಂತಳು.

"ಯಾರೂ ಬರೂದಿಲ್ಲ ಯವ್ವಾ. ಇದರಾಗ ನೀನ ಗೌಂಡಿ."

ಕಾಡವ್ವ ಮಗಳ ಮುಖ ನೋಡಿದಳು, ತೆರೆ ನೋಡಿದಳು. "ನಾನ?" ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ಬಳಿಕ ಮೂಲೆ ಹಿಡಿದು ಶುರು ಮಾಡಿದಳು. ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬಾರದಂತೆ, ಮೂಲೆಯಲ್ಲಿ ಒಂದಕ್ಕೊಂದು ಕಚ್ಚುವಂತೆ, ಗಜಾನನ ಹೇಗೆ ಇಡುತ್ತಾನೋ ಹಾಗೆಯೇ ಇಟ್ಟಳು. ಬೀಳದ ಇಟ್ಟಂಗಿಯನ್ನು ಇಷ್ಟು ನೇಮದಿಂದ ಯಾಕೆ ಇಡಬೇಕೋ ಪಾರ್ಶ್ವನಿಗೆ ತಿಳಿಯಲಿಲ್ಲ. ಅವಳಿಗೆ ಬೇರೆ ಥರ ಇಡಲು ಬರುತ್ತಲೇ ಇರಲಿಲ್ಲ.

"ಯಾರ ಕಲಿಸ್ಯಾರ್ರಿ ನಿಮಗ?"

"ಯಾರ ಕಲಸ್ತಾರ್ರಿ. ಬಾಜೂಕ ನಿಂತು ನೋಡೀನಿ."

ಆಟ ಹೇಗನ್ನಿಸಿತು ಎಂದು ಕೊನೆಗೆ ಕೇಳಿದಾಗ ಅವಳು ತುಸು ಯೋಚಿಸಿದಳು. "ಛಲೋ ಐತ್ರಿ. ಆದ್ರ ಖರೇ ಇಟ್ಟಂಗಿ ಹಿಂಗ ನನ್ನ ಮಾತ ಕೇಳತೈತೋ ಇಲ್ಲೋ, ಅದನ್ನ ನೋಡಬೇಕ್ರಿ."

ಮನೆಗೆ ಬರುವ ದಾರಿಯಲ್ಲೇ ಅಂಗಡಿಗೆ ನುಗ್ಗಿ ಒಂದು ಕರಣಿ ಕೊಂಡಳು. ಮರುದಿನ ಕೆಲಸ ಮುಗಿಸಿ ಬಂದು, ಹಿತ್ತಲಿನ ಬಚ್ಚಲುಮನೆಯ ಮೂಲೆಗಿಡುವ ಮೊದಲ ಇಟ್ಟಂಗಿಗೆ ಅರಿಸಿನ ಕುಂಕುಮ ಹಚ್ಚಿ ಕೈ ಹಾಕಿದಳು. ಖರೇ ಇಟ್ಟಂಗಿ ಮಾತು ಕೇಳಲಿಲ್ಲ. ಸಿಮೆಂಟು ಜಾರಿತು, ಸಾಲು ಡೊಂಕಾಯಿತು. ಬಿಚ್ಚಿದಳು, ಮತ್ತೆ ಕಟ್ಟಿದಳು. ಶಿವಲಿಂಗ ದೂರದಿಂದಲೇ "ನಮಗ್ಯಾಕ ಬೇಕ ಈ ಉಸಾಬರಿ" ಎಂದ, ಆದರೂ ನೀರು ತಂದುಕೊಟ್ಟ. ಐದು ಸಂಜೆಗಳಲ್ಲಿ ಗೋಡೆ ಎದೆಮಟ್ಟ ಬಂತು. ಆರನೆಯ ಸಂಜೆ ಮತ್ತೆರಡು ಸಾಲು ಇಟ್ಟು, ಅವಳೇ ಗಜಾನನನನ್ನು ಕರೆಸಿದಳು.

ಅವನು ಮೋಟರ್ ಸೈಕಲ್ಲಿನಿಂದ ಇಳಿಯುತ್ತಲೇ, "ಯಾರನ್ನ ತಂದಿದ್ದಿ ಕಾಡವ್ವಾ? ನಾ ಬರ್ತಿದ್ನಲ್ಲ," ಎಂದ. ದನಿಯಲ್ಲಿ ಸಿಟ್ಟಿತ್ತು.

"ಯಾರನ್ನೂ ತಂದಿಲ್ಲಣ್ಣ. ನಾನ ಕಟ್ಟೀನಿ. ನೆಟ್ಟಗೈತೇನು ಅಷ್ಟ ನೋಡು."

ಗಜಾನನ ದಾರಕ್ಕೆ ಕಟ್ಟಿದ ತೂಗುಗುಂಡನ್ನು ಗೋಡೆಯ ಮೇಲಿನಿಂದ ಇಳಿಬಿಟ್ಟ. ಒಂದು ಕಣ್ಣು ಮುಚ್ಚಿದ.

"ಕೆಳಗ ಸರಿ ಐತಿ. ಮ್ಯಾಲಿನ ಎರಡ ಸಾಲ ಹೊರಗ ವಾಲ್ಯಾವು," ಎಂದು ಅವನು ಅಂಗಿಯ ತೋಳು ಮಡಚಿ ಮುಂದೆ ಬಂದ. "ಸರಿ, ನಾ ಮಾಡ್ತೀನಿ. ಕೊಡಿಲ್ಲೆ ಕರಣಿ."

ಅವಳು ಕೊಡಲಿಲ್ಲ. ಆ ಎರಡು ಸಾಲುಗಳನ್ನು, ಈಗಷ್ಟೇ ಇಟ್ಟವನ್ನು, ತಾನೇ ಎಬ್ಬಿಸಿ ಕೆಳಗಿಟ್ಟಳು. ಹಸಿ ಸಿಮೆಂಟು ಕೆರೆದು ಹೊಸದು ಹಾಕಿದಳು. ಗೋಡೆಯಿಂದ ಕಣ್ಣು ತೆಗೆಯದೆ ಎಡಗೈ ಹಿಂದಕ್ಕೆ ಚಾಚಿದಳು.

ಗಜಾನನ ತೂಗುಗುಂಡನ್ನು ಪಕ್ಕಕ್ಕಿಟ್ಟ. ಆಮೇಲೆ ಬಗ್ಗಿ ಒಂದು ಇಟ್ಟಂಗಿ ಎತ್ತಿ ಅವಳ ಕೈಗೆ ಕೊಟ್ಟ.