ಹೆಸರೆತ್ತಬಾರದ ಹುಳ

ಸಿಂಚನಾ, ಅಭಿ, ಇದನ್ನು ಇಬ್ಬರೂ ಒಟ್ಟಿಗೆ ಕೂತು ಓದಿ. ಎದುರಿಗೆ ಕೂರಿಸಿಕೊಂಡು ಹೇಳು ಎಂದರೆ ನಿಮ್ಮ ಈ ಅಜ್ಜಿಗೆ ಮಾತು ಬರುವುದಿಲ್ಲ, ನಿಮಗೆ ಗೊತ್ತಿದೆ. ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಿಕ್ಕವಳಿದ್ದಾಗ ಗುತ್ತೂರಿನ ನಮ್ಮ ಮನೆಯಲ್ಲಿ ಯಾವ ಮಾತನ್ನೂ ನೆಟ್ಟಗೆ ಆಡುವಂತಿರಲಿಲ್ಲ. ಅದು ನನ್ನ ಅಜ್ಜಿಯ ಕಾನೂನು. ಅಜ್ಜಿ ಎಂದರೆ ನಮ್ಮ ಅಪ್ಪನ ತಾಯಿ. ಕೆಟ್ಟದ್ದರ ಹೆಸರು ಹೇಳಿದರೆ ಅದು ತನ್ನನ್ನು ಕರೆದರೆಂದುಕೊಂಡು ಬಾಗಿಲಿಗೇ ಬಂದುಬಿಡುತ್ತದೆ ಎಂದು ಆಕೆ ನಂಬಿದ್ದಳು. ಡಬ್ಬದಲ್ಲಿ ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಾಗ್ಯಾವ’ ಎನ್ನಬೇಕು. ನಾನೊಮ್ಮೆ ಅದನ್ನು ನಂಬಿ ಡಬ್ಬದ ಮುಚ್ಚಳ ತೆಗೆದು, ಒಳಗೆ ಒಂದು ಕಾಳೂ ಇಲ್ಲವಲ್ಲ ಎಂದು ಬೀದಿಗೆ ಕೇಳುವಂತೆ ಹೇಳಿ ತಲೆಗೆ ಮೊಟಕಿಸಿಕೊಂಡಿದ್ದೆ. ದೀಪ ಆರಿಸು ಎನ್ನುವಂತಿಲ್ಲ, ದೊಡ್ಡದು ಮಾಡು ಎನ್ನಬೇಕು. ಕೈಬಳೆ ಒಡೆದು ರಕ್ತ ಬರುತ್ತಿದ್ದರೂ ‘ಬಳೆ ಹೆಚ್ಚಿತು’ ಎಂದುಕೊಂಡೇ ಅಳಬೇಕು. ಶಾಲೆಗೆ ಹೊರಟಾಗ ಬಾಯಿತಪ್ಪಿ ‘ಹೋಗ್ತೀನಿ’ ಅಂದರೆ, ಬೀದಿಯ ತಿರುವಿನಿಂದ ಹಿಂದಕ್ಕೆ ಕರೆದು ‘ಹೋಗಿ ಬರ್ತೀನಿ’ ಅನ್ನಿಸಿ ಮತ್ತೆ ಕಳಿಸುತ್ತಿದ್ದಳು. ಅಷ್ಟರಲ್ಲಿ ಪ್ರಾರ್ಥನೆ ಮುಗಿದು, ನಾನು ಮೇಷ್ಟ್ರ ಮುಂದೆ ಕೈ ಚಾಚಿ ನಿಲ್ಲಬೇಕಾಗುತ್ತಿತ್ತು. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಹೇಳು ಎಂದು ಮೇಷ್ಟ್ರು ಹೊಡೆಯುತ್ತಿದ್ದರು, ನೆಟ್ಟಗೆ ಹೇಳಬೇಡ ಎಂದು ಅಜ್ಜಿ ಹೊಡೆಯುತ್ತಿದ್ದಳು. ಈ ಇಬ್ಬರ ನಡುವೆ ಸಾಕಾಗಿ ನಾನು ಮಾತಾಡುವುದನ್ನೇ ಕಡಿಮೆ ಮಾಡಿಬಿಟ್ಟೆ.

ಹಾವಿನ ವಿಷಯದಲ್ಲಂತೂ ಅಜ್ಜಿ ಇನ್ನೂ ಬಿಗಿ. ಆ ಶಬ್ದವೇ ನಮ್ಮ ಮನೆಯಲ್ಲಿ ಇರಲಿಲ್ಲ. ಅದು ‘ಹುಳ’. ಅದು ಕಚ್ಚುವುದೂ ಇಲ್ಲ, ‘ಮುಟ್ಟುತ್ತದೆ’. ನನ್ನ ಶಾಲೆಯ ಪುಸ್ತಕದಲ್ಲಿ ಹಾವಿನ ಚಿತ್ರವಿದ್ದ ಪುಟಕ್ಕೆ ಅಜ್ಜಿ ಗಂಜಿ ಹಚ್ಚಿ ಪಕ್ಕದ ಪುಟಕ್ಕೆ ಅಂಟಿಸಿಬಿಟ್ಟಿದ್ದಳು. ಪಕ್ಕದ ಪುಟದಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಊರಿನವರಿಗೆಲ್ಲ ಈ ಭಾಷೆ ತಿಳಿದಿದ್ದರಿಂದ ಊರೊಳಗೆ ತೊಂದರೆ ಇರಲಿಲ್ಲ. ತೊಂದರೆಯಾಗಿದ್ದು ಊರು ದಾಟಿದ ಮೇಲೆ.

ಅವತ್ತು ಬೇಸಿಗೆಯ ಬೆಳಗು. ಬಸುರಿಯಾಗಿದ್ದ ಚಿಕ್ಕಮ್ಮನ ಕುಬುಸದ ಶಾಸ್ತ್ರ ಮಾಡಲೆಂದು ಅಪ್ಪ, ಅವ್ವ ಹಿಂದಿನ ದಿನವೇ ದಾವಣಗೆರೆಗೆ ಹೋಗಿದ್ದರು. ಮನೆಯಲ್ಲಿ ಅಜ್ಜಿ, ಅಕ್ಕ ಮತ್ತು ನಾನು. ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿಮೂರು. ಹರಿಹರದಲ್ಲಿ ಹೊಸದಾಗಿ ಶುರುವಾಗಿದ್ದ ಕಾರ್ಖಾನೆಯ ಸೈರನ್ನು ನಮ್ಮೂರಿಗೂ ಕೇಳಿಸುತ್ತಿತ್ತು. ಅದು ಕೂಗಿದ ಕೂಡಲೇ ಅಜ್ಜಿ ಒಲೆಯ ಮುಂದೆ ರೊಟ್ಟಿ ತಟ್ಟಲು ಕೂರುತ್ತಿದ್ದಳು. ಅವತ್ತೂ ಹಂಚು ಕಾದು, ಸುಟ್ಟ ಜೋಳದ ಹಿಟ್ಟಿನ ವಾಸನೆ ಹಿತ್ತಲಿಗೂ ಬರುತ್ತಿತ್ತು. ಒಲೆಗೆ ಸಗಣಿಯ ಕುಳ್ಳು ಸಾಲದೆಂದು ಅಕ್ಕ ಬುಟ್ಟಿ ಹಿಡಿದು ಹೊರಗೆ ಬಂದಳು.

ನಾನು ಬಚ್ಚಲ ಕಲ್ಲಿನ ಮೇಲೆ ಮುಖ ತೊಳೆಯುತ್ತಿದ್ದೆ. ಅಕ್ಕ ಕುಳ್ಳಿನ ರಾಶಿಯ ಬುಡಕ್ಕೆ ಕಾಲಿಟ್ಟು ಮೇಲಿನ ಕುಳ್ಳಿಗೆ ಕೈ ಚಾಚಿದ್ದಳು. ಅವಳು ಕೂಗಲಿಲ್ಲ. ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟು ಕಾಲು ನೋಡಿಕೊಂಡಳು, ಅಷ್ಟೇ. ರಾಶಿಯ ಆ ಬದಿಯಿಂದ ಕಪ್ಪಗೆ ಹೊಳೆಯುವ ಉದ್ದನೆಯದೊಂದು ಅವಸರವಿಲ್ಲದೆ ಬೇಲಿಯೊಳಕ್ಕೆ ಸರಿದುಹೋದದ್ದನ್ನು ನಾನೂ ಕಂಡೆ. ಅಕ್ಕನ ಪಾದದ ಮೇಲೆ ಸೂಜಿ ಚುಚ್ಚಿದಂತೆ ಎರಡು ಚುಕ್ಕೆ ಇದ್ದವು.

“ಅಜ್ಜಿ, ಹುಳ ಮುಟ್ತು,” ಎಂದಳು ಅಕ್ಕ. ಅಂಥ ಹೊತ್ತಿನಲ್ಲೂ ಅವಳು ಕಾನೂನು ಮೀರಲಿಲ್ಲ.

ಅಜ್ಜಿ ಸೀರೆಯ ಅಂಚು ಹರಿದು ಮೊಣಕಾಲಿನ ಕೆಳಗೆ ಬಿಗಿದಳು, ಹಣೆಗೆ ವಿಭೂತಿ ಹಚ್ಚಿದಳು. ನಮ್ಮೂರಲ್ಲಿ ಇಂಥದ್ದಕ್ಕೆ ಬೇರು ಅರೆದು ಕೊಡುವವನು ಅವತ್ತೇ ಸಾರಥಿ ಎನ್ನುವ ಊರಿಗೆ ಹೋಗಿದ್ದ. ಪಕ್ಕದ ಮನೆಯ ದೊಡ್ಡಪ್ಪ, ಇನ್ನು ಕಾಯುವುದು ಬೇಡ, ಹರಿಹರದ ದವಾಖಾನೆಗೆ ಒಯ್ಯೋಣ ಎಂದು ಗಾಡಿ ಹೂಡಿದರು. ಗಾಡಿ ಊರ ಬಾಗಿಲು ದಾಟುವ ಮೊದಲೇ ಅಜ್ಜಿ ನಮ್ಮೆಲ್ಲರಿಗೂ ತಾಕೀತು ಮಾಡಿದಳು.

“ಯಾರೂ ಅದರ ಹೆಸ್ರು ಎತ್ತಬ್ಯಾಡ್ರಿ. ಹೆಸ್ರು ಕೇಳಿದ್ರ ನಂಜು ತಲೀಗೆ ಏರ್ತೈತೆ.”

ದಾರಿಯುದ್ದಕ್ಕೂ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಅವಳ ಪಾದ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅವಳು, ಎತ್ತು ನಾಲ್ಕು ಕಾಣುತ್ತಿವೆ ಎಂದಳು. ಅಜ್ಜಿ, ಹೆಚ್ಚು ಕಂಡರೆ ಒಳ್ಳೆಯದೇ, ಸುಮ್ಮನಿರು ಎಂದಳು. ನನಗೆ ಅಳು ಬಂತೋ ಸಿಟ್ಟು ಬಂತೋ ಈಗ ನೆನಪಿಲ್ಲ. ಎರಡೂ ಬಂದಿರಬೇಕು.

ದವಾಖಾನೆ ಪೇಟೆಯ ನಡುವೆ ಇತ್ತು. ಹೊರಗೆ ಲಾರಿಗಳ ಸದ್ದಿಗೆ ಎತ್ತು ಬೆದರುತ್ತವೆಂದು ದೊಡ್ಡಪ್ಪ ಅಕ್ಕನನ್ನು ಎತ್ತಿ ಒಳಗಿನ ಬೆಂಚಿನ ಮೇಲೆ ಕೂರಿಸಿ, ತಾವು ಗಾಡಿಯ ಹತ್ತಿರ ಹೋದರು. ಒಳಗೆಲ್ಲ ಸ್ಪಿರಿಟ್ಟಿನ ವಾಸನೆ. ಸಾಲು ಸಾಲು ಬಾಟಲಿಗಳಲ್ಲಿ ಕೆಂಪು, ಹಳದಿ ಔಷಧ. ನಮಗಿಂತ ಮುಂಚೆ ಬಂದವರು ಉಳಿದ ಬೆಂಚುಗಳನ್ನು ತುಂಬಿ, ಗೋಡೆಗೆ ಒರಗಿಯೂ ನಿಂತಿದ್ದರು. ಡಾಕ್ಟರು ಹಸಿರು ಪರದೆಯ ಆಚೆ ಇದ್ದರು. ಈಚೆ, ಯಾರಿಗೆ ಏನಾಗಿದೆ ಎಂದು ಕೇಳಿಕೊಂಡು ಸರದಿ ಹೇಳುತ್ತಿದ್ದವರು ಕಂಪೌಂಡರು. ಅವರು ಕಡಲ ಕಡೆಯವರು, ಬಂದು ಇನ್ನೂ ತಿಂಗಳಾಗಿರಲಿಲ್ಲವಂತೆ.

“ಎಂತ ಆಯಿತು ಅಜ್ಜಿ?” ಎಂದು ಕೇಳಿದರು.

“ಹುಳ ಮುಟ್ಟೈತ್ರಿ.”

“ಎಂತ ಹುಳ?”

“ಉದ್ದಂದ್ರಿ.”

ಅವರು ಸ್ವಲ್ಪ ಯೋಚಿಸಿದರು. “ಮುಟ್ಟಿದ್ದು ಮಾತ್ರವಾ, ಕಚ್ಚಿದ್ದಾ?”

“ಮುಟ್ಟೈತ್ರಿ,” ಎಂದು ಅಜ್ಜಿ ಒತ್ತಿ ಹೇಳಿದಳು. ಕಚ್ಚಿದೆ ಎನ್ನುವ ಮಾತು ಆಕೆಯ ಬಾಯಿಂದ ಹೊರಡುವುದಾದರೂ ಹೇಗೆ?

“ಈಗ ಹುಡುಗಿ ಹೇಗುಂಟು?”

“ಶಿವನ ದಯದಿಂದ ಎಲ್ಲಾ ಚಲೋ ಐತ್ರಿ.”

ಕಾಲು ನೋಡೋಣವೆಂದರೆ, ಜನರ ಕಣ್ಣು ಬೀಳಬಾರದೆಂದು ಅಜ್ಜಿ ಅದನ್ನು ಸೆರಗಿನಲ್ಲಿ ಸುತ್ತಿಟ್ಟಿದ್ದಳು. ಪಾಪ, ಅವರು ಕಂಬಳಿಹುಳ ಎಂದೇ ತಿಳಿದರು. ಬಿಳಿಯ ಮುಲಾಮನ್ನು ಕಾಗದದಲ್ಲಿ ಮಡಚಿ ಕೊಟ್ಟು, ತುರಿಕೆ ಇದ್ದಲ್ಲಿ ಹಚ್ಚಿ, ಸರದಿ ಬಂದಾಗ ಡಾಕ್ಟರು ನೋಡುತ್ತಾರೆ ಎಂದರು. ಅವರ ತಪ್ಪೇನೂ ಇರಲಿಲ್ಲ. ಅಜ್ಜಿಯೂ ತಾನು ಹೇಳಬೇಕಾದ್ದನ್ನೆಲ್ಲ ಹೇಳಿಯಾಯಿತೆಂದು ನೆಮ್ಮದಿಯಿಂದ ಮುಲಾಮು ಇಸಿದುಕೊಂಡಳು. ಇಬ್ಬರು ದೊಡ್ಡವರು ಎದುರುಬದುರು ನಿಂತು ಕನ್ನಡದಲ್ಲೇ ಮಾತಾಡಿದರು, ಒಬ್ಬರದು ಒಬ್ಬರಿಗೆ ಒಂದಕ್ಷರವೂ ಮುಟ್ಟಲಿಲ್ಲ. ನಡುವೆ ನಿಂತಿದ್ದ ನನಗೆ ಮಾತ್ರ ಎರಡೂ ಅರ್ಥವಾಗಿತ್ತು.

ನಾನು ಅಜ್ಜಿಯ ಸೆರಗು ಜಗ್ಗಿ, ಅವರಿಗೆ ತಿಳಿದಿಲ್ಲ ಎಂದು ಪಿಸುಗುಟ್ಟಿದೆ.

“ಓದಿದ ಮಂದಿಗೆ ಹುಳ ಅಂದ್ರ ತಿಳಿಯಲ್ವೇನು? ಬಾಯಿ ಮುಚ್ಕಂಡು ಕೂಡು.”

ಕೂತೆ. ಒಬ್ಬರು ಒಳಗೆ ಹೋಗಿ ಬಂದರು. ಇನ್ನೊಬ್ಬರು ಹೋದರು. ಅಕ್ಕನ ರೆಪ್ಪೆಗಳು ನಿದ್ದೆ ಬಂದವರಂತೆ ಇಳಿಯತೊಡಗಿದವು. ಅವಳು ಬೆರಳಿನಿಂದ ಒಂದು ರೆಪ್ಪೆಯನ್ನು ಎತ್ತಿ ಹಿಡಿದು ನನ್ನನ್ನು ನೋಡಿದಳು. ಬಾಯಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಏನೋ ಹೇಳಲು ಹೋದಳು, ಬರೀ ಗೊರಗೊರ ಸದ್ದು ಬಂತು. ಅಜ್ಜಿ ಕಣ್ಣು ಮುಚ್ಚಿ ಶಿವ ಶಿವ ಎನ್ನುತ್ತಿದ್ದಳು.

ಮಕ್ಕಳೇ, ಅಜ್ಜಿ ಹೇಳಿದ್ದನ್ನು ನಾನೂ ನಂಬಿದ್ದೆ. ಹೆಸರು ಹೇಳಿದರೆ ನಂಜು ಏರಿ ಅಕ್ಕ ಸಾಯುತ್ತಾಳೆ. ಹೇಳದಿದ್ದರೆ ಈ ಮುಲಾಮು ಹಚ್ಚಿಕೊಂಡು ಸಾಯುತ್ತಾಳೆ. ಇದರ ಮೇಲೆ ನನ್ನ ಹಾಳು ನಾಚಿಕೆ ಬೇರೆ. ಶಾಲೆಯಲ್ಲಿ ಹಾಜರಿ ಕೂಗಿದರೆ ನನ್ನ ಪರವಾಗಿ ಪಕ್ಕದವಳು ‘ಬಂದಾಳ್ರಿ’ ಎನ್ನುತ್ತಿದ್ದಳು, ಅಂಥವಳು ನಾನು.

ಕಂಪೌಂಡರ ಹತ್ತಿರ ಹೋಗಿ ನಿಂತೆ. ಅವರ ಅಂಗಿಯ ತುದಿ ಜಗ್ಗಿದೆ. ಅವರು ಬಾಟಲಿಗೆ ಅಳತೆಯ ಚೀಟಿ ಅಂಟಿಸುತ್ತ, ಕೂತುಕೋ ಮಗಾ ಎಂದರು. ನಾನು ಕೂರಲಿಲ್ಲ. ಹಸಿರು ಪರದೆ ಸರಿಸಿ ಒಳಗೇ ನುಗ್ಗಿದೆ. ಡಾಕ್ಟರು ಕಿವಿಗೆ ನಳಿಕೆ ಇಟ್ಟುಕೊಂಡು ಒಬ್ಬ ಮುದುಕರ ಎದೆ ನೋಡುತ್ತಿದ್ದರು. “ಹಾವು,” ಎಂದೆ. ಅವರಿಗೆ ಕೇಳಿಸಲಿಲ್ಲ, ಕೈಯಲ್ಲೇ ಆಚೆ ಹೋಗು ಎಂದು ಸನ್ನೆ ಮಾಡಿದರು. ನನ್ನ ಜನ್ಮದಲ್ಲೇ ಮೊದಲ ಸಲ ಆ ಮಾತು ಆಡಿದ್ದೆ, ಆಡಿದ್ದೂ ದಂಡವಾಯಿತಲ್ಲ ಎಂದು ಎಲ್ಲಿಲ್ಲದ ಸಿಟ್ಟು ಬಂತು. “ಹಾವು,” ಎಂದು ಮತ್ತೆ ಹೇಳಿದೆ. ಅವರು ನಳಿಕೆ ತೆಗೆಯುತ್ತಿರುವಾಗಲೇ ಹೊರಗಿನ ಬೀದಿಗೂ ಕೇಳುವಂತೆ ಕಿರುಚಿದೆ: “ನಮ್ಮ ಅಕ್ಕಗ ಹಾವು ಕಚ್ಚೈತ್ರಿ.”

ಆಮೇಲೆ ಎಲ್ಲವೂ ಓಡಿತು. ಡಾಕ್ಟರು ಹೊರಗೆ ಬಂದು ಸೆರಗು ಬಿಚ್ಚಿ ಕಾಲು ನೋಡಿದರು, ಬೆರಳಿಂದ ಅಕ್ಕನ ರೆಪ್ಪೆ ಎತ್ತಿ ನೋಡಿದರು. ಇದಕ್ಕೆ ಬೇಕಾದ ಚುಚ್ಚುಮದ್ದು ಇಲ್ಲಿಲ್ಲ, ದಾವಣಗೆರೆಗೇ ಹೋಗಬೇಕು ಎಂದರು. ಕಂಪೌಂಡರು ಕೈಯಲ್ಲಿದ್ದ ಬಾಟಲಿ ಬಿಟ್ಟು ಅಕ್ಕನನ್ನು ಎತ್ತಿಕೊಂಡು ಡಾಕ್ಟರ ಕಪ್ಪು ಕಾರಿನಲ್ಲಿ ಮಲಗಿಸಿದರು. ನಾನು ಕಾರು ಹತ್ತಿದ್ದು ಅದೇ ಮೊದಲು, ಆದರೆ ದಾರಿಯಲ್ಲಿ ಏನು ಕಂಡೆನೆಂದು ಕೇಳಬೇಡಿ. ನಾನು ಅಕ್ಕನ ಎದೆ ಏರಿಳಿಯುತ್ತದೆಯೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದೆ. ಮುಂದೆ ಕೂತಿದ್ದ ಡಾಕ್ಟರು ತಿರುಗದೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದರು.

“ಹೇಳಿದ್ವಲ್ರಿ,” ಎಂದಳು ಅಜ್ಜಿ.

ದಾವಣಗೆರೆಯ ಆಸ್ಪತ್ರೆಯಲ್ಲಿ ಅಕ್ಕನಿಗೆ ಚುಚ್ಚುಮದ್ದು ಕೊಟ್ಟರು. ಸುದ್ದಿ ತಿಳಿದು ಅಪ್ಪ, ಅವ್ವ ಓಡಿಬಂದರು. ಅವ್ವನ ಕೈಗೆ ಕುಬುಸದ ಅರಿಶಿನ ಹಾಗೇ ಮೆತ್ತಿತ್ತು. ಎರಡು ದಿನ ಅಕ್ಕ ಕಣ್ಣು ತೆರೆಯಲಿಲ್ಲ. ಆ ಎರಡು ದಿನ ಅಜ್ಜಿ ನನ್ನ ಮುಖ ನೋಡಲಿಲ್ಲ, ಮಾತಾಡಲಿಲ್ಲ. ಅಕ್ಕ ಹೋದರೆ ಅದು ನನ್ನ ಬಾಯಿಂದಲೇ ಎಂದು ನಾನು ವರಾಂಡದ ಬೆಂಚಿನ ಕೆಳಗೆ ಮುದುಡಿ ಕೂತಿದ್ದೆ. ಅಪ್ಪ ಬಗ್ಗಿ ಕರೆದರೂ ಹೊರಗೆ ಬರಲಿಲ್ಲ.

ಮೂರನೇ ದಿನ ಅಕ್ಕ ಕಣ್ಣು ತೆರೆದು ನನ್ನನ್ನು ಹತ್ತಿರ ಕರೆದಳು. ಮಾತು ಇನ್ನೂ ತೊದಲುತ್ತಿತ್ತು.

“ನಾನೇ ಹೇಳಾಕ ನೋಡ್ದೆ ಕಣೆ,” ಎಂದಳು. “ನಾಲಿಗಿ ಏಳ್ಲಿಲ್ಲ.”

ಹಾಗಿದ್ದರೂ ಅಜ್ಜಿ ಸೋಲಲಿಲ್ಲ. ಅಕ್ಕನ ಪಾದದ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಇವಳು ಮೂರು ಸಲ ಹೆಸರೆತ್ತಿದಳು, ಸಲಕ್ಕೊಂದು ತಿಂಗಳು ಎಂದು ಅಜ್ಜಿ ನನ್ನತ್ತ ಕೈ ತೋರಿಸಿ ಬಂದವರಿಗೆಲ್ಲ ಲೆಕ್ಕ ಒಪ್ಪಿಸಿದಳು. ಆಕೆ ಇರುವತನಕ ನಮ್ಮ ಮನೆಯಲ್ಲಿ ಅದು ಹುಳವಾಗಿಯೇ ಉಳಿಯಿತು. ಬದಲಾದವರು ಆ ಕಂಪೌಂಡರು. ಮುಂದೆ ಯಾರೋ ಒಬ್ಬರು ಕಿವಿಗೆ ಹುಳ ಹೊಕ್ಕಿದೆ ಎಂದು ಬಂದಾಗ ಅವರನ್ನೂ ಕಾರಿಗೆ ಎತ್ತಲು ಹೋಗಿದ್ದರು ಎಂದು ದೊಡ್ಡಪ್ಪ ನಗುತ್ತಿದ್ದರು.

ನಿಮ್ಮ ಕಾಲ ಹಾಗಲ್ಲ. ಫೋನಿನ ಚಾರ್ಜು ಮುಗಿದರೆ ‘ಸತ್ತೋಯ್ತು’ ಎನ್ನುತ್ತೀರಿ. ಅಭಿ, ನೀನಂತೂ ಮೊನ್ನೆ ನನ್ನ ಮಂಚದ ಮೇಲೆ ಕುಣಿಯುತ್ತ, ಅಜ್ಜಿ ನೀನು ಸತ್ತ ಮೇಲೆ ಈ ಮಂಚ ನಂದಾ ಎಂದು ಕೇಳಿದೆ. ನನ್ನ ಅಜ್ಜಿ ಇದ್ದಿದ್ದರೆ ನಿನ್ನ ಬಾಯಿಗೂ ಗಂಜಿ ಹಚ್ಚುತ್ತಿದ್ದಳು. ಒಮ್ಮೊಮ್ಮೆ ನನಗೂ ನಿಮ್ಮ ಮಾತು ಕೇಳಿ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಆದರೆ ಹೋದ ವಾರ ನನಗೆ ಎದೆ ಹಿಂಡಿದಂತಾಗಿ ಮೈ ಬೆವರಿದಾಗ, ನಿಮ್ಮ ಅಪ್ಪ ಏನಾಯಿತಮ್ಮ ಎಂದು ಕೇಳಿದರೆ ನಾನು ಏನೆಂದೆ? “ಏನಿಲ್ಲಪ್ಪ, ಆರಾಮ ಅದೀನಿ,” ಎಂದೆ. ಸಿಂಚನಾ, ನೀನು ಬಾಗಿಲಲ್ಲಿ ನಿಂತು, “ಸುಳ್ಳು, ಅಜ್ಜಿ ಬೆಳಗ್ಗೆಯಿಂದ ಎದೆ ಹಿಡ್ಕೊಂಡು ಕೂತಿದಾಳೆ,” ಎಂದುಬಿಟ್ಟೆ. ವಿದ್ಯಾನಗರದ ಡಾಕ್ಟರು, ಸರಿಯಾದ ಹೊತ್ತಿಗೆ ಕರೆತಂದಿರಿ ಎಂದು ನಿಮ್ಮ ಅಪ್ಪನಿಗೆ ಹೇಳಿದ ಮೇಲೂ ನಾನು ಎರಡು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದೆ. ನೀನು ಮುಖ ಸಣ್ಣ ಮಾಡಿಕೊಂಡು ಓಡಾಡುತ್ತಿದ್ದೆ. ಎರಡನೇ ದಿನ ಅದನ್ನು ನೋಡಲಾರದೆ ಈ ಹಾಳೆಗಳನ್ನು ತೆಗೆದುಕೊಂಡು ಕೂತೆ.

ನೀನು ಮಾಡಿದ್ದು ಸರಿ ಮಗಳೇ. ಎದುರಿಗೆ ಹೇಳಲು ನಾಚಿಕೆ, ಬರೆದು ಹೇಳಿದ್ದೇನೆ. ಇವನ್ನು ಹಳೆಯ ಪೇಪರಿನ ಜೊತೆ ಹಾಕಿಬಿಡಬೇಡಿ. ಬೀರುವಿನಲ್ಲಿ ನನ್ನ ಆಸ್ಪತ್ರೆಯ ಚೀಟಿಗಳಿರುವ ಕವರಿನಲ್ಲೇ ಜೋಪಾನವಾಗಿಡಿ. ಮುಂದೆ ಯಾವತ್ತಾದರೂ ನಾನು ಆರಾಮ ಅದೀನಿ ಎಂದರೆ, ಹೊರಗೆ ತೆಗೆದು ನನಗೇ ಓದಿ ಹೇಳಿ.